ಪರೇಲಿನ ಮಳೆಗಾಲದಲ್ಲಿ ಲೋಳೆಸರ

ಮುಂಬಯಿಯಲ್ಲಿ ಪರೇಲ್ ಎಂದರೆ ಆಸ್ಪತ್ರೆಗಳ ಪೇಟೆ. ಮಧ್ಯ ರೈಲ್ವೆಯ ಪರೇಲ್ ನಿಲ್ದಾಣದಲ್ಲಿ ಇಳಿದು ಪೂರ್ವದ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲಿಯೇ ಆಚಾರ್ಯ ದೋಂದೆ ಮಾರ್ಗ ಸಿಕ್ಕುತ್ತದೆ. ೧೯೨೬ರಲ್ಲಿ ತೆರೆದ ಕೆ.ಇ.ಎಂ. ಆಸ್ಪತ್ರೆ ಅಲ್ಲಿದೆ. ವಾಡಿಯಾ ಹೆಸರಿನ ಹೆರಿಗೆ ಆಸ್ಪತ್ರೆ ಮತ್ತು ಮಕ್ಕಳ ಆಸ್ಪತ್ರೆಗಳು ಅಲ್ಲಿವೆ. ೧೯೪೧ರಿಂದ ನಡೆದುಬಂದಿರುವ ಟಾಟಾ ಸ್ಮಾರಕ ಆಸ್ಪತ್ರೆಯ ಹೆಸರನ್ನಂತೂ ಕನ್ನಡನಾಡಿನ ಮೂಲೆಮೂಲೆಯ ಹಳ್ಳಿಗಳಲ್ಲಿಯೂ ಬಲ್ಲರು. ೧೮೯೬ರಲ್ಲಿ ಈ ನಗರಕ್ಕೆ ಪ್ಲೇಗು ಬಂದಾಗ ಲಸಿಕೆ ತಯಾರಿಸಿ, ೧೮೯೭ರ ಜನವರಿಯಲ್ಲಿ ಅದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ ವಾಲ್ಡೆಮಾರ್ ಹಾಫ್‌ಕಿನ್ನನ ಪ್ರಯೋಗಶಾಲೆ ೧೮೯೯ರಲ್ಲಿ ಬಂದು ನೆಲೆಸಿದ್ದು ಇಲ್ಲಿಯ ಹಳೆಯ ಗವರ್ನರರ ಬಂಗಲೆಯಲ್ಲಿ. ಇಂದು ಅದಕ್ಕೆ ಅವನದೇ ಹೆಸರು. ಇಷ್ಟು ಸಾಲದೆಂಬಂತೆ ದನಕರು, ನಾಯಿ, ಹಕ್ಕಿಗಳಿಗಾಗಿ ಬಾಯಿ ಸಕರಬಾಯಿ ದಿನ್ಷಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯೂ ಪರೇಲಿನಲ್ಲಿಯೇ ಇದೆ.

ಗಿಡಗಳಿಗೆ ಮಾತ್ರ ಇಲ್ಲಿ ಆಸ್ಪತ್ರೆಯಿಲ್ಲ. ಹಾಗೆಂದು ಪರೇಲ್ ಗಿಡಗಳಿಲ್ಲದ ಊರೂ ಅಲ್ಲ. ಒಮ್ಮೆ ತಲೆಯೆತ್ತಿ ನೋಡುತ್ತ ನಡೆಯಬೇಕು. ಹಳೆಯ ಚಾಳುಗಳ ಪಡಸಾಲೆಯ ಕಟಕಟೆಗೆ ತಂತಿಯಿಂದ ಬಿಗಿದ ಬಣ್ಣದ ಡಬ್ಬಿಗಳಲ್ಲಿ, ಹೊಸ ಕಟ್ಟಡಗಳ ಕಿಟಕಿಯ ಗ್ರಿಲ್ಲುಗಳಲ್ಲಿ, ಒಂದು ಗೇಣು ಜಾಗ ಸಿಕ್ಕಿದಲ್ಲೆಲ್ಲ ತುಳಸಿ, ದೊಡ್ಡಪತ್ರೆ, ಮನಿಪ್ಲಾಂಟು, ಇವುಗಳ ನಡುವೆ ತಪ್ಪದೆ ಒಂದು ಲೋಳೆಸರ. ಮರಾಠಿಯವರು ಇದನ್ನು ಕೋರಫಡ ಎನ್ನುತ್ತಾರೆ. ಕೈ ಸುಟ್ಟಾಗ ಹಚ್ಚಲು, ತಲೆಗೂದಲಿಗೆ ತಿಕ್ಕಲು, ದೃಷ್ಟಿ ತಾಗದಂತೆ ಬಾಗಿಲಿಗೆ ಕಟ್ಟಲು ಎಲ್ಲ ಮನೆಗೂ ಬೇಕಾದದ್ದು. ಬೇಸಿಗೆಯಲ್ಲಿ ಅದು ನೆಟ್ಟಗೆ, ಕೊಬ್ಬಿ ನಿಂತಿರುತ್ತದೆ. ಜೂನಿನಲ್ಲಿ ಮಳೆ ಹಿಡಿದು ಒಂದೂವರೆ ತಿಂಗಳು ಕಳೆದ ಮೇಲೆ ನೋಡಿದರೆ ಅದೇ ಗಿಡ ಎಲೆ ಚೆಲ್ಲಿ, ಮುಖ ಬಾಡಿ, ಒಳರೋಗಿಯ ಹಾಗೆ ಒರಗಿರುತ್ತದೆ. ಎಲೆಯಲ್ಲಿ ನೀರು ಕೂಡಿಟ್ಟುಕೊಂಡು ಬದುಕುವ ಗಿಡಗಳಿಗೆಲ್ಲ ಈ ನಗರದಲ್ಲಿ ಆಷಾಢ ಶ್ರಾವಣಗಳು ಕಂಟಕದ ಕಾಲ.

ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಮೊದಲು ಪರೇಲಿನ ಗಾಳಿಯನ್ನು ತಿಳಿಯಬೇಕು. ಇಲ್ಲಿ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಚಿಮಣಿಗಳು ತೆಂಗಿನ ತೋಟದಂತೆ ಎದ್ದು ನಿಂತಿದ್ದವು. ಗಿರಣಿಗಳು ಮುಂಬಯಿಯನ್ನು ಹುಡುಕಿಕೊಂಡು ಬರಲು ಬಂದರು, ಬಂಡವಾಳ, ಹತ್ತಿಯ ವ್ಯಾಪಾರ ಮೊದಲಾದ ಕಾರಣಗಳಿದ್ದಂತೆ ಇಲ್ಲಿಯ ತೇವದ ಗಾಳಿಯೂ ಒಂದು ಕಾರಣ. ಒಣಗಾಳಿಯಲ್ಲಿ ಹತ್ತಿಯ ನೂಲು ಗಡುಸಾಗಿ ಪಟಪಟನೆ ಹರಿಯುತ್ತದೆ. ತೇವದ ಗಾಳಿಯಲ್ಲಿ ಮಿದುವಾಗಿ, ಬಲವಾಗಿ ನಿಲ್ಲುತ್ತದೆ. ಅದೂ ಸಾಲದೆಂದು ನೇಯ್ಗೆಯ ಶೆಡ್ಡುಗಳ ಒಳಗೆ ಯಂತ್ರದಿಂದ ಹಬೆ ಹಾಯಿಸಿ ಇನ್ನಷ್ಟು ತೇವ ಮಾಡುತ್ತಿದ್ದರು. ೧೯೮೨ರ ಜನವರಿ ೧೮ರಂದು ಆರಂಭವಾದ ಮಹಾ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ನೆಲದ ಮೇಲೆ ಗಾಜಿನ ಗೋಪುರಗಳೂ ಅಂಗಡಿ ಮಾಳಿಗೆಗಳೂ ಎದ್ದವು. ಗಾಳಿ ಮಾತ್ರ ಅದೇ ಗಾಳಿ. ಜುಲೈ ಆಗಸ್ಟಿನಲ್ಲಿ ಅದರ ತೇವಾಂಶ ಸಾಮಾನ್ಯವಾಗಿ ನೂರಕ್ಕೆ ೮೦ರ ಮೇಲೆಯೇ ಇರುತ್ತದೆ. ಹಗ್ಗದ ಮೇಲೆ ಹಾಕಿದ ಸೀರೆ ಮೂರು ದಿನವಾದರೂ ಒಣಗುವುದಿಲ್ಲ. ಸೀರೆಯೇ ಒಣಗದ ಕಡೆ ಕುಂಡದ ಮಣ್ಣು ಎಲ್ಲಿಂದ ಒಣಗಬೇಕು?

ಎರಡನೆಯದು, ಇಲ್ಲಿಯ ನೆಲ. ಏಳು ದ್ವೀಪಗಳನ್ನು ಕೂಡಿಸಿ ಈ ನಗರವಾದಾಗ ಪರೇಲ್ ಅವುಗಳಲ್ಲಿ ಒಂದಾಗಿತ್ತು. ದ್ವೀಪಗಳ ನಡುವಿನ ತಗ್ಗಿಗೆ ಸಮುದ್ರ ನುಗ್ಗದಂತೆ ಒಡ್ಡು ಕಟ್ಟಿ, ಮಣ್ಣು ತುಂಬಿ ನೆಲ ಮಾಡಿದರು. ತಗ್ಗು ಕೆಲವೆಡೆ ತಗ್ಗಾಗಿಯೇ ಉಳಿಯಿತು. ಪರೇಲಿನಿಂದ ದಾದರಿಗೆ ಹೋಗುವ ದಾರಿಯಲ್ಲಿ ಹಿಂದ್‌ಮಾತಾ ಎಂಬ ಜಾಗವಿದೆ. ಜೋರು ಮಳೆಗೆ ಸಮುದ್ರದ ಭರತವೂ ಕೂಡಿಬಂದರೆ ಅಲ್ಲಿ ನೀರು ಮೊಳಕಾಲು ಮುಟ್ಟುವುದು ಮುಂಬಯಿಯವರಿಗೆ ಹೊಸ ಸುದ್ದಿಯಲ್ಲ. ಆ ನೀರನ್ನು ಹಿಡಿದಿಟ್ಟು ಪಂಪು ಮಾಡಲೆಂದೇ ಈಚಿನ ವರ್ಷಗಳಲ್ಲಿ ಪಾಲಿಕೆಯವರು ಹತ್ತಿರದ ಮೈದಾನಗಳ ಅಡಿಯಲ್ಲಿ ಭಾರಿ ತೊಟ್ಟಿಗಳನ್ನು ಕಟ್ಟಿಸಿದ್ದಾರೆ. ಬಿದ್ದ ಮಳೆಯಿಂದ ಯಾರಿಗೂ ತೊಂದರೆಯಿಲ್ಲ. ಹೋಗಲು ದಾರಿಯಿಲ್ಲದೆ ನಿಂತ ನೀರಿನಿಂದ ತೊಂದರೆ. ಹಿಂದ್‌ಮಾತಾದ ಈ ಪಾಠ ಒಂದು ಗೇಣಗಲದ ಕುಂಡಕ್ಕೂ ಅಕ್ಷರಶಃ ಅನ್ವಯಿಸುತ್ತದೆ.

ಈ ಪಾಠವನ್ನು ನಮಗೆ ಮನದಟ್ಟು ಮಾಡಿದ್ದು ಭೋಯಿವಾಡೆಯ ಕಡೆಯ ಒಂದು ಚಾಳು. ಅಲ್ಲಿ ಬಾಗಲಕೋಟೆಯ ಕಡೆಯಿಂದ ಬಂದ ಹಿರಿಯ ತಾಯಿಯೊಬ್ಬರಿದ್ದಾರೆ. ಅವರ ಯಜಮಾನರು ಗಿರಣಿಯಲ್ಲಿದ್ದವರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯನ್ನು ಮುಟ್ಟುವ ಕಾಲಕ್ಕೆ ಅವರ ತವರುಮನೆಯೂ ಖಾಲಿಯಾಯಿತು; ಮನೆಮಂದಿ ನವನಗರಕ್ಕೆ ಹೋದರು. ಹೊರಡುವ ಮುಂಚೆ ಈ ತಾಯಿ ಹಿತ್ತಲಿನಿಂದ ಒಂದು ಲೋಳೆಸರವನ್ನು ಕಿತ್ತು, ಗೋಣಿಯ ತುಂಡಿನಲ್ಲಿ ಸುತ್ತಿ ರೈಲಿನಲ್ಲಿ ಪರೇಲಿಗೆ ತಂದರು. ತಂದೆ ಕಟ್ಟಿಸಿದ ಮನೆಯ ಒಂದು ಇಟ್ಟಿಗೆಯೂ ಅವರ ಹತ್ತಿರ ಇಲ್ಲ, ಇರುವುದು ಅದೊಂದೇ. ಮೂಲ ಗಿಡದ ಮರಿಗೆ ಮರಿ ಹುಟ್ಟಿ ಇಷ್ಟು ವರ್ಷ ಬಾಳಿದ್ದು, ಒಂದು ಮಳೆಗಾಲದಲ್ಲಿ ಸುಕ್ಕುಗಟ್ಟತೊಡಗಿತು.

"ದಿನಾ ಒಂದ ತಂಬಗಿ ನೀರ ಹಾಕ್ತೀನ್ರೀ. ಆದ್ರೂ ಎಲಿ ಸುಕ್ಕಗಟ್ಟಾಕತ್ತಾವ. ನೀರ ಸಾಲವಲ್ತೇನೋ" ಎಂದು ಅವರು ನಮ್ಮೆದುರು ಕಣ್ಣೀರು ತಂದುಕೊಂಡರು.

ಪಕ್ಕದ ಖೋಲಿಯಲ್ಲಿರುವವರು ಕುಂದಾಪುರದ ಕಡೆಯ ಗೃಹಿಣಿ. ಮಳೆಯ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ನೀರಿನ ಗುಣ ಗೊತ್ತು. ಅವರು ಕುಂಡವನ್ನು ಎರಡು ಕೈಯಿಂದ ಎತ್ತಿ ಭಾರ ನೋಡಿ, "ಸಾಕು ಅಮ್ಮಾ, ಇನ್ನು ಒಂದು ತೊಟ್ಟೂ ಹಾಕಬೇಡಿ ಮಾರಾಯ್ರೆ. ಇದರ ಬೇರೇ ಕೊಳೆತಿರಬೇಕು" ಎಂದರು.

ಬಾಗಲಕೋಟೆಯಲ್ಲಿ ವರ್ಷವಿಡೀ ಬೀಳುವ ಮಳೆ ೬೦೦ ಮಿಲ್ಲಿಮೀಟರಿನ ಆಸುಪಾಸು. ಮುಂಬಯಿಯಲ್ಲಿ ಮಳೆಗಾಲದ ನಾಲ್ಕು ತಿಂಗಳಿಗೆ ೨,೦೦೦ಕ್ಕೂ ಮಿಕ್ಕು. ಜುಲೈ ಒಂದರಲ್ಲಿಯೇ ಸಾಮಾನ್ಯವಾಗಿ ಅಲ್ಲಿಯ ವರ್ಷದ ಮಳೆಯನ್ನು ಮೀರುತ್ತದೆ. ಬಯಲುಸೀಮೆಯ ಮನೆಗಳಲ್ಲಿ ಬಾಡಿದ ಗಿಡಕ್ಕೆ ನೀರೆರೆಯುವುದು ಧರ್ಮ. ಆ ಧರ್ಮವೇ ಪರೇಲಿಗೆ ಬಂದು ಗಿಡದ ಪ್ರಾಣಕ್ಕೆ ಮುಳುವಾಯಿತು. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ, ಓದುಗರು ಇದನ್ನು ಗಮನಿಸಬೇಕು. ನೀರು ಸಾಲದ ಲೋಳೆಸರವೂ ಸುಕ್ಕುಗಟ್ಟುತ್ತದೆ, ನೀರು ಹೆಚ್ಚಾದ ಲೋಳೆಸರವೂ ಸುಕ್ಕುಗಟ್ಟುತ್ತದೆ. ಬೇರು ಕೊಳೆತ ಮೇಲೆ ಗಿಡಕ್ಕೆ ಕುಡಿಯಲು ಬಾಯಿಯೇ ಇಲ್ಲ. ನೀರಿನ ನಡುವೆ ನಿಂತೇ ಅದು ಬಾಯಾರಿ ಸಾಯುತ್ತದೆ. ಎರಡು ವಿರುದ್ಧ ರೋಗಗಳಿಗೆ ಒಂದೇ ಲಕ್ಷಣ. ಆದ್ದರಿಂದ ಎಲೆಯನ್ನು ಮಾತ್ರ ನೋಡಿ ಮದ್ದು ಮಾಡಬಾರದು. ನಾಡಿ ಹಿಡಿಯುವ ವೈದ್ಯನಂತೆ ಮೂರು ಪರೀಕ್ಷೆ ಮಾಡಬೇಕು.

ಮೊದಲನೆಯದು ಭಾರ. ಕುಂಡ ಹಗುರವಾಗಿದ್ದು, ಎಲೆ ತೆಳ್ಳಗೆ, ಬಿರುಸಾಗಿ, ತುದಿ ಒಣಗಿದ್ದರೆ ಅದು ಬಾಯಾರಿಕೆ. ನೀರು ಕೊಟ್ಟರೆ ಕೆಲವು ದಿನಗಳಲ್ಲಿ ಮೈದುಂಬಿಕೊಳ್ಳುತ್ತದೆ. ಕುಂಡ ಭಾರವಾಗಿದ್ದೂ ಎಲೆ ಬಾಡಿದ್ದರೆ ಬೇರಿನ ಮೇಲೆ ಅನುಮಾನ ಪಡಬೇಕು. ಎರಡನೆಯದು ಬುಡ. ಕೆಳಗಿನ ಎಲೆಗಳು ಹಳದಿಯಾಗಿ, ಗಾಜಿನಂತೆ ಮಬ್ಬಾಗಿ, ಮುಟ್ಟಿದರೆ ಬೇಯಿಸಿದ ಬದನೆಕಾಯಿಯ ಹಾಗೆ ಕುಸಿದರೆ, ಕಾಂಡದ ಬುಡ ಕಪ್ಪಾಗಿ ಹುಳಿತ ವಾಸನೆ ಬಂದರೆ ಕೊಳೆರೋಗವೇ ಸರಿ. ಮೂರನೆಯದು ಬೇರು. ಅಂಜದೆ ಗಿಡವನ್ನು ಕುಂಡದಿಂದ ಹೊರತೆಗೆದು ನೋಡಬೇಕು. ಜೀವವಿರುವ ಬೇರು ಬೆಳ್ಳಗೋ ಕೆನೆಬಣ್ಣವಾಗಿಯೋ ಗಟ್ಟಿಯಾಗಿರುತ್ತದೆ. ಸತ್ತ ಬೇರು ಕಂದಾಗಿ ಲೋಳೆಗಟ್ಟಿ, ಎರಡು ಬೆರಳಿನ ನಡುವೆ ಎಳೆದರೆ ಸಿಪ್ಪೆ ಜಾರಿ ನೂಲಿನಂಥ ಎಳೆಯೊಂದು ಕೈಯಲ್ಲಿ ಉಳಿಯುತ್ತದೆ.

ಇನ್ನೆರಡು ಕಾಯಿಲೆಗಳನ್ನೂ ಹೇಳಿಬಿಡುತ್ತೇವೆ. ಗಿಡ ಬಿಳಿಚಿಕೊಂಡು, ಎಲೆಯೆಲೆಯ ನಡುವೆ ಅಂತರ ಬಿಟ್ಟು, ಬೆಳಕಿನ ಕಡೆಗೆ ಕತ್ತು ಚಾಚಿದರೆ ಅದು ಬೆಳಕಿನ ಬರ. ಮಳೆಗಾಲದ ಮೋಡ ಒಂದು ಕಡೆ, ಎದುರಿಗೆ ಎದ್ದ ಗೋಪುರದ ನೆರಳು ಇನ್ನೊಂದು ಕಡೆ. ಇಂದಿನ ಪರೇಲಿನಲ್ಲಿ ಇದು ಅಪರೂಪವಲ್ಲ. ಎಲೆಯ ಸಂದಿಯಲ್ಲಿ ಹತ್ತಿಯ ಚೂರಿನಂತೆ ಬಿಳಿಯ ಅಂಟು ಕಂಡರೆ, ಇರುವೆಗಳ ಸಾಲು ಅತ್ತ ಹರಿದರೆ ಅದು ಹಿಟ್ಟುತಿಗಣೆ. ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಒಂದೊಂದನ್ನೂ ಒರೆಸಿ ತೆಗೆಯಬೇಕು. ವಾರಕ್ಕೊಮ್ಮೆ ಮತ್ತೆ ನೋಡಬೇಕು.

ಕೊಳೆಯುವುದು ಯಾಕೆಂಬುದನ್ನೂ ತಿಳಿದುಕೊಳ್ಳೋಣ. ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವೆ ಇರಬೇಕಾದ ಗಾಳಿಯ ಜಾಗವನ್ನು ನೀರು ಆಕ್ರಮಿಸಿದರೆ ಬೇರು ಉಸಿರುಗಟ್ಟುತ್ತದೆ. ಸತ್ತ ಬೇರಿಗೆ ಪಿಥಿಯಮ್, ಫ್ಯುಸೇರಿಯಮ್ ಮೊದಲಾದ ಶಿಲೀಂಧ್ರದಂಥ ಜೀವಿಗಳು ಮುತ್ತಿ ಬುಡದ ಕಡೆಗೆ ಏರುತ್ತವೆ. ಬೇರೆ ಗಿಡಗಳಾದರೆ ಹಗಲೆಲ್ಲ ಎಲೆಯಿಂದ ನೀರನ್ನು ಆವಿಮಾಡಿ ಕುಂಡವನ್ನು ತಾವೇ ಒಣಗಿಸುತ್ತವೆ. ಲೋಳೆಸರದ ಮೂಲ ಅರಬಸ್ಥಾನದ ಒಣ ಗುಡ್ಡಗಳು. ಅಲ್ಲಿ ಹಗಲು ಎಲೆಯ ರಂಧ್ರ ತೆರೆದರೆ ಪ್ರಾಣವೇ ಹೋದೀತು. ಆದ್ದರಿಂದ ಅದು ಹಗಲು ರಂಧ್ರ ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆದು, ಬೇಕಾದ ಇಂಗಾಲದ ಅನಿಲವನ್ನು ಹುಳಿಯ ರೂಪದಲ್ಲಿ ಕೂಡಿಟ್ಟುಕೊಂಡು, ಮರುದಿನದ ಬಿಸಿಲಿನಲ್ಲಿ ಅದನ್ನೇ ಆಹಾರಕ್ಕೆ ಬಳಸುತ್ತದೆ. ಇಂಥ ಮಿತವ್ಯಯಿಗೆ ಪರೇಲಿನ ಜುಲೈ ರಾತ್ರಿಯ ಹಸಿಗಾಳಿಯಲ್ಲಿ ಖರ್ಚೇ ಇಲ್ಲ. ಬಾಗಲಕೋಟೆಯ ಬಿಸಿಲಿನಲ್ಲಿ ಎರಡು ಮೂರು ದಿನಕ್ಕೆ ಒಣಗುವ ಕುಂಡ ಇಲ್ಲಿ ಹತ್ತು ದಿನವಾದರೂ ಒಣಗದೆ ಇರುವುದು ಇದಕ್ಕಾಗಿ.

ಈ ಜಾತಿಯ ಗಿಡಗಳ ರಾತ್ರಿ ಹುಳಿಯನ್ನು ಗುರುತಿಸಿ ಬರೆದವರಲ್ಲಿ ಮೊದಲಿಗನೆಂದು ಹೆಸರಾದವನು ನಮ್ಮ ನಾಡಿನಲ್ಲಿ ಓಡಾಡಿದವನೇ ಎಂಬುದು ಸಂತೋಷದ ಸಂಗತಿ. ಬೆಂಜಮಿನ್ ಹೇನೆ ಎಂಬ ಆ ಸಸ್ಯತಜ್ಞ ಮೈಸೂರು ಸೀಮೆಯ ಸರ್ವೆಯಲ್ಲಿದ್ದವನು, ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯನ್ನೂ ಕೆಲಕಾಲ ನೋಡಿದವನು. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿದ್ದು, ಮಧ್ಯಾಹ್ನಕ್ಕೆ ಸಪ್ಪೆಯಾಗಿ, ಸಂಜೆಗೆ ತುಸು ಕಹಿಯಾಗುವುದನ್ನು ಅವನು ನಾಲಿಗೆಯಿಂದಲೇ ಪರೀಕ್ಷಿಸಿ ಬರೆದ ಪತ್ರ ೧೮೧೫ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಆ ಎಲೆಯಲ್ಲಿ ವಿಷದ ಅಂಶವೂ ಇರುವುದರಿಂದ ನಮ್ಮ ಮಕ್ಕಳು ಅವನನ್ನು ಅನುಕರಿಸುವುದು ಬೇಡ.

ಈಗ ಚಿಕಿತ್ಸೆ. ಭೋಯಿವಾಡೆಯ ಪಡಸಾಲೆಯಲ್ಲಿ ಹಳೆಯ ಪತ್ರಿಕೆ ಹಾಸಿ ನಡೆದ ಶಸ್ತ್ರಕ್ರಿಯೆಯ ಕ್ರಮವನ್ನೇ ಇಲ್ಲಿ ಕೊಡುತ್ತೇವೆ. ಗಿಡವನ್ನು ಹೊರತೆಗೆದು ಹಸಿಮಣ್ಣನ್ನೆಲ್ಲ ಉದುರಿಸಿದ್ದಾಯಿತು. ಹರಿತವಾದ ಚಾಕುವನ್ನು ಸ್ಪಿರಿಟಿನಿಂದ ಒರೆಸಿ, ಕೊಳೆತ ಬೇರುಗಳನ್ನೆಲ್ಲ ಕತ್ತರಿಸಿದ್ದಾಯಿತು. ಕಾಂಡವನ್ನು ತೆಳುವಾಗಿ ಕೊಯ್ಯುತ್ತ ಹೋಗಬೇಕು. ಕೊಯ್ದ ಮುಖದಲ್ಲಿ ಕಂದು ಚುಕ್ಕೆಯೊಂದೂ ಇಲ್ಲದೆ ಶುಭ್ರವಾದ ತಿರುಳು ಕಾಣುವವರೆಗೆ ನಿಲ್ಲಿಸಬಾರದು. ಪ್ರತಿ ಕೊಯ್ತಕ್ಕೂ ಚಾಕುವನ್ನು ಮತ್ತೆ ಒರೆಸಬೇಕು, ಇಲ್ಲವಾದರೆ ರೋಗವನ್ನು ನಾವೇ ಮೇಲಕ್ಕೆ ಹತ್ತಿಸಿದಂತೆ. ಬುಡದ ಸುತ್ತ ಇದ್ದ ಮೂರು ಮರಿಗಳನ್ನು ಅವುಗಳ ಬೇರಿನ ಸಮೇತ ಬಿಡಿಸಿದ್ದಾಯಿತು.

ಇದಾದ ಮೇಲೆ ಬಹಳ ಮಂದಿ ಅವಸರ ಮಾಡುತ್ತಾರೆ. ಕೊಯ್ದ ಗಿಡವನ್ನು ಕೂಡಲೇ ನೆಡಬಾರದು. ನೆರಳಿನಲ್ಲಿ, ಗಾಳಿಯಾಡುವ ಕಡೆ, ಬರಿದಾಗಿ ಬಿಟ್ಟು ಗಾಯ ಒಣಗಿ ಹಕ್ಕಳೆ ಕಟ್ಟಬೇಕು. ಒಣ ಊರಿನಲ್ಲಿ ಇದಕ್ಕೆ ಮೂರು ನಾಲ್ಕು ದಿನ ಸಾಕು. ಪರೇಲಿನ ಮಳೆಗಾಲದಲ್ಲಿ ಫ್ಯಾನಿನ ಕೆಳಗಿಟ್ಟರೂ ವಾರ, ಹತ್ತು ದಿನ ಬೇಕು. ಕೆಲವರು ಗಾಯಕ್ಕೆ ಅರಿಶಿನ ಹಚ್ಚುತ್ತಾರೆ. ಹಚ್ಚಿದರೆ ಬಾಧಕವಿಲ್ಲ, ನಿಜವಾದ ಮದ್ದು ಗಾಳಿಯೇ. ಇಷ್ಟು ದಿನ ಮಣ್ಣಿಲ್ಲದೆ ಗಿಡ ಸತ್ತೀತೆಂಬ ಭಯ ಬೇಡ. ಅದರ ಎಲೆಯ ಲೋಳೆಯಲ್ಲಿ ನೂರಕ್ಕೆ ೯೮ ಪಾಲಿನಷ್ಟು ನೀರೇ ಇದೆ. ತಿಂಗಳ ದಿನಸಿ ತುಂಬಿಟ್ಟ ಮನೆಯ ಹಾಗೆ.

ನಂಬಿಕೆ ಬಾರದಿದ್ದರೆ ಪರೇಲಿನ ಅಂಗಡಿಗಳ ಬಾಗಿಲು ನೋಡಬಹುದು. ದೃಷ್ಟಿಗೆಂದು ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣಿಲ್ಲದೆ, ನೀರಿಲ್ಲದೆ, ಬೇರು ಆಕಾಶಕ್ಕೆ ಮಾಡಿಕೊಂಡು ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ಕೆಲವೊಮ್ಮೆ ತುದಿಯನ್ನು ಮೇಲಕ್ಕೆ ತಿರುಗಿಸಿ ಬೆಳೆಯಲೂ ತೊಡಗುತ್ತದೆ. ಅದರ ಕೆಳಗೇ ಕುಂಡದಲ್ಲಿ ಉಪಚಾರ ಪಡೆಯುವ ಗಿಡ ಕೊಳೆಯುತ್ತಿರುತ್ತದೆ. ಬಾಗಿಲ ಗಿಡಕ್ಕೆ ಸುತ್ತಲೂ ಗಾಳಿಯಿದೆ, ಕುಂಡದ ಗಿಡಕ್ಕೆ ಇಲ್ಲ. ವ್ಯತ್ಯಾಸ ಇಷ್ಟೇ.

ಮರಳಿ ನೆಡುವಾಗ ಮಣ್ಣಿನ ಕಡೆ ಗಮನವಿರಲಿ. ನರ್ಸರಿಯಿಂದ ತರುವ ಗಿಡಗಳು ಬಹುತೇಕ ತೆಂಗಿನ ನಾರಿನ ಪುಡಿಯಲ್ಲಿ ಇರುತ್ತವೆ. ಅದು ಸ್ಪಂಜಿನಂತೆ ನೀರು ಹಿಡಿಯುತ್ತದೆ. ಇಲ್ಲಿ ಸಿಗುವ ಕೆಂಪುಮಣ್ಣು ಮಳೆಗೆ ಅಂಟಾಗಿ ಗಟ್ಟಿಯಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಭಾಗ ಕಡಲೆಕಾಳಿನಷ್ಟು ದಪ್ಪದ ಇಟ್ಟಿಗೆ ಚೂರು ಹಾಗೂ ಉರುಟು ಮರಳು, ಒಂದು ಹಿಡಿ ಇದ್ದಲಿನ ಚೂರು, ಉಳಿದದ್ದು ಮಣ್ಣು ಗೊಬ್ಬರ. ಈ ಮಿಶ್ರಣ ಇಲ್ಲಿಗೆ ಒಗ್ಗುತ್ತದೆ. ಚೌಪಾಟಿಯ ಮರಳು ಉಪ್ಪಿನದು, ಅದು ಬೇಡವೇ ಬೇಡ. ಕುಂಡ ಮಣ್ಣಿನದಿರಲಿ, ಬಣ್ಣ ಬಳಿಯದೆ ಇರಲಿ. ಅದರ ಮೈಯಿಂದಲೂ ತೇವ ಹೊರಗೆ ಹೋಗುತ್ತದೆ. ಬೇರಿನ ಗಾತ್ರಕ್ಕಿಂತ ಎರಡು ಬೆರಳು ಅಗಲವಿದ್ದರೆ ಸಾಕು. ದೊಡ್ಡ ಕುಂಡದಲ್ಲಿ ಯಾರೂ ಕುಡಿಯದ ನೀರು ಉಳಿಯುತ್ತದೆ. ತಳದಲ್ಲಿ ತೂತು ಇರಲೇಬೇಕು. ತಳಕ್ಕೆ ಜಲ್ಲಿ ಸುರಿದರೆ ನೀರು ಬೇಗ ಇಳಿಯುತ್ತದೆಂಬುದು ವಾಡಿಕೆಯ ಮಾತು. ವಾಸ್ತವದಲ್ಲಿ ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲಿಯೇ ತಡೆದು ನಿಲ್ಲುತ್ತದೆ. ಮಣ್ಣು ಜಾರದಂತೆ ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು. ಕೆಳಗೆ ತಟ್ಟೆ ಇಡಬಾರದು. ಇಟ್ಟರೆ ನಮ್ಮ ಕಿಟಕಿಯಲ್ಲಿಯೇ ಒಂದು ಹಿಂದ್‌ಮಾತಾ ಆದಂತೆ.

ನೆಟ್ಟ ಮೇಲೆ ಒಂದು ವಾರ ನೀರು ಬೇಡ. ಆಮೇಲೆ ಸ್ವಲ್ಪ ಕೊಟ್ಟು, ಪೂರ್ತಿ ಒಣಗಿದ ಮೇಲೆಯೇ ಮತ್ತೆ ಕೊಡಬೇಕು. ಬಿದಿರಿನ ಕಡ್ಡಿಯೊಂದನ್ನು ತಳದವರೆಗೆ ಚುಚ್ಚಿ ತೆಗೆದರೆ ಒಳಗಿನ ಹಸಿ ತಿಳಿಯುತ್ತದೆ. ಕಾಡುಬಸಳೆಯ ಒಂದೆಲೆ ಬಿದ್ದರೂ ಅಂಚಿನಲ್ಲಿ ಮರಿ ಹುಟ್ಟುತ್ತದೆ. ಲೋಳೆಸರ ಹಾಗಲ್ಲ, ಅದರ ಬಿಡಿ ಎಲೆ ನೆಟ್ಟರೆ ಕೊಳೆಯುವುದೇ ಹೆಚ್ಚು. ಅದರ ವಂಶ ಮರಿಗಳಿಂದ.

ಬಾಗಲಕೋಟೆಯ ಗಿಡದ ಗತಿ ಏನಾಯಿತೆಂದು ಓದುಗರು ಕೇಳುವರು. ತಾಯಿಗಿಡ ಉಳಿಯಲಿಲ್ಲ, ಕೊಳೆ ತಿರುಳಿನವರೆಗೆ ಏರಿತ್ತು. ಮೂರು ಮರಿಗಳಲ್ಲಿ ಒಂದು ಹೋಯಿತು. ಎರಡು ಬೇರೂರಿ, ಗಣಪತಿ ಹಬ್ಬದ ಹೊತ್ತಿಗೆ ನಡುವಿನಿಂದ ಹೊಸ ಎಲೆ ಎತ್ತಿದವು. ಆ ತಾಯಿ ಒಂದನ್ನು ತಮ್ಮಲ್ಲಿ ಇರಿಸಿಕೊಂಡು, ಇನ್ನೊಂದನ್ನು ಊರಿಗೆ ಹೋಗುವವರ ಕೈಯಲ್ಲಿ ನವನಗರದ ತಂಗಿಯ ಮನೆಗೆ ಕಳುಹಿಸಿದರು. "ಇಲ್ಲಿ ಮಳಿಗೆ ಹೋದ್ರ ಅಲ್ಲಿ ಇರತೈತಿ, ಅಲ್ಲಿ ಬಿಸಿಲಿಗೆ ಹೋದ್ರ ಇಲ್ಲಿ ಇರತೈತಿ" ಎಂದರು. ಮುಳುಗಿದ ಮನೆಯ ಹಿತ್ತಲ ಗಿಡ ಹೀಗೆ ಮರಳಿ ಬಾಗಲಕೋಟೆಯನ್ನು ಸೇರಿತು. ಊರಿನಿಂದ ತಂದ ಗಿಡವನ್ನು ಇಟ್ಟುಕೊಂಡಿರುವ ನಮ್ಮ ಸೋದರಿಯರೆಲ್ಲರೂ ಈ ಬುದ್ಧಿವಂತಿಕೆಯನ್ನು ಪಾಲಿಸಬೇಕೆಂದು ನಮ್ಮ ಅಭಿಪ್ರಾಯ. ಒಳ್ಳೆಯ ಗಿಡದ ಮರಿಯೊಂದು ಯಾವಾಗಲೂ ಇನ್ನೊಬ್ಬರ ಮನೆಯಲ್ಲಿ ಬೆಳೆಯುತ್ತಿರಬೇಕು.

ಕೊನೆಯದಾಗಿ ಕಾಲಮಾನದ ಮಾತು. ಮೇ ಮುಗಿಯುವುದರೊಳಗೆ ಕುಂಡಗಳನ್ನು ಇಟ್ಟಿಗೆ ಚೂರಿನ ಮಣ್ಣಿಗೆ ಬದಲಿಸಿಕೊಳ್ಳಬೇಕು. ಮುಂಗಾರು ಗಾಳಿ ನೈಋತ್ಯದಿಂದ ಬೀಸುವುದರಿಂದ ಪಶ್ಚಿಮ ದಕ್ಷಿಣದ ಕಿಟಕಿಗಳಿಗೆ ಇರಚಲು ಹೊಡೆಯುತ್ತದೆ. ಮಳೆ ಹಿಡಿದ ದಿನವೇ ಗಿಡಗಳನ್ನು ಪೂರ್ವದ ಕಿಟಕಿಗೋ ಪಡಸಾಲೆಯ ಒಳಬದಿಗೋ ಸರಿಸಬೇಕು, ಒಂದಕ್ಕೊಂದು ತಾಗದಂತೆ ಇಡಬೇಕು. ಮಳೆ ನಿಂತ ಮೇಲೆ ಅಕ್ಟೋಬರಿನ ಬಿಸಿಲು ಸುಡುತ್ತದೆ. ನಾಲ್ಕು ತಿಂಗಳು ಮೋಡದ ಕೆಳಗಿದ್ದ ಗಿಡವನ್ನು ಒಮ್ಮೆಲೇ ಅದಕ್ಕೆ ಒಡ್ಡಿದರೆ ಎಲೆ ಕೆಂಪಗೆ ಕಂದುತ್ತದೆ. ಮೊದಲ ವಾರ ಬೆಳಗಿನ ಒಂದು ಗಂಟೆಯ ಬಿಸಿಲು, ಮರುವಾರ ಎರಡು ಗಂಟೆ, ಹೀಗೆ ಏರಿಸುತ್ತ ಹೋದರೆ ದೀಪಾವಳಿಯ ಹೊತ್ತಿಗೆ ಗಿಡ ಮತ್ತೆ ನೆಟ್ಟಗೆ ನಿಂತಿರುತ್ತದೆ.